ವಿನ್ಯಾಸಕಾರನ ಕೈ, ಸಭೆಯ ಹೊಣೆ: ಗಾರ್ಲಂಡ್, ಗ್ಲೇಸರ್ ಮತ್ತು ಟೆರ್ಟುಲಿಯನ್

1963ರ ನವೆಂಬರ್ ತಿಂಗಳ ಕೊನೆಯಲ್ಲಿ ಲಂಡನ್ನಿನಲ್ಲಿ ಔದ್ಯಮಿಕ ಕಲಾವಿದರ ಸಂಘದ ಒಂದು ಕೂಟ ನಡೆಯಿತು. ಅಲ್ಲಿ ಕೆನ್ ಗಾರ್ಲಂಡ್ ಎಂಬ ಗ್ರಾಫಿಕ್ ವಿನ್ಯಾಸಕಾರರು ತಾವು ಬರೆದ ಒಂದು ಪುಟ್ಟ ಹೇಳಿಕೆಯನ್ನು ಎದ್ದು ನಿಂತು ಓದಿದರು. ಮರುವರ್ಷದ ಜನವರಿಯಲ್ಲಿ ಅದು 22 ಮಂದಿಯ ಸಹಿಯೊಂದಿಗೆ 400 ಪ್ರತಿಗಳಲ್ಲಿ ಅಚ್ಚಾಯಿತು. 'ಫಸ್ಟ್ ಥಿಂಗ್ಸ್ ಫಸ್ಟ್', ಅಂದರೆ ಮೊದಲು ಮಾಡತಕ್ಕದ್ದು ಮೊದಲು, ಎಂಬುದು ಅದರ ಶೀರ್ಷಿಕೆ. ರಾಜಕಾರಣಿ ಟೋನಿ ಬೆನ್ ಅವರು 'ಗಾರ್ಡಿಯನ್' ಪತ್ರಿಕೆಯ ತಮ್ಮ ಅಂಕಣದಲ್ಲಿ ಅದನ್ನು ಪ್ರಕಟಿಸಿದ್ದರಿಂದ ಅದು ವೃತ್ತಿಯ ಆವರಣವನ್ನು ದಾಟಿ ಸಾರ್ವಜನಿಕರ ಕೈಸೇರಿತು. ಹೇಳಿಕೆಯ ಸಾರ ಇಷ್ಟೇ: ಬೆಕ್ಕಿನ ಆಹಾರ, ಹೊಟ್ಟೆನೋವಿನ ಪುಡಿ, ಪಟ್ಟೆಪಟ್ಟೆಯ ಟೂತ್‌ಪೇಸ್ಟ್, ಸಿಗರೇಟು ಮೊದಲಾದವುಗಳನ್ನು ಮಾರುವುದಕ್ಕೆ ನಮ್ಮ ಕೌಶಲವೆಲ್ಲ ಪೋಲಾಗುತ್ತಿದೆ; ಬೀದಿಯ ಮತ್ತು ಕಟ್ಟಡಗಳ ಸೂಚನಾಫಲಕಗಳು, ಪುಸ್ತಕಗಳು, ಶಿಕ್ಷಣೋಪಕರಣಗಳು, ಕೈಪಿಡಿಗಳು, ವೈಜ್ಞಾನಿಕ ಪ್ರಕಟಣೆಗಳು ಇವೇ ಮೊದಲಾದ ಹೆಚ್ಚು ಬೆಲೆಯುಳ್ಳ ಕೆಲಸಗಳು ನಮ್ಮನ್ನು ಕಾಯುತ್ತಿವೆ. ಜಾಹೀರಾತನ್ನೇ ನಿರ್ಮೂಲಮಾಡಬೇಕೆಂದು ಅವರು ಕೇಳಲಿಲ್ಲ. ಆದ್ಯತೆಗಳು ತಿರುಗುಮುರುಗಾಗಬೇಕೆಂದು ಮಾತ್ರ ಕೇಳಿದರು.

ದೈವಶಾಸ್ತ್ರದ ಪತ್ರಿಕೆಯೊಂದರಲ್ಲಿ ಈ ಹೇಳಿಕೆಯ ವಿಮರ್ಶೆ ಏಕೆ ಎಂದು ವಾಚಕರು ಕೇಳಬಹುದು. ವೈದ್ಯರ, ಶಿಕ್ಷಕರ, ದಾದಿಯರ ಕರೆಯನ್ನು ಕುರಿತು ನಾವು ಪ್ರಸಂಗಪೀಠದಿಂದ ಧಾರಾಳವಾಗಿ ಮಾತನಾಡುತ್ತೇವೆ. ಕಂಪ್ಯೂಟರಿನ ಮುಂದೆ ಕುಳಿತು ಲಾಂಛನ, ಪೊಟ್ಟಣ, ಭಿತ್ತಿಪತ್ರ, ಫ್ಲೆಕ್ಸ್‌ಗಳನ್ನು ರಚಿಸಿ ಜೀವಿಸುವ ಯುವಕ ಯುವತಿಯರು ಇಂದು ನಮ್ಮ ಸಭೆಗಳಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ಹೇಳತಕ್ಕ ಮಾತು ನಮ್ಮಲ್ಲಿಲ್ಲ. ಕೆಲವು ವರ್ಷಗಳ ಹಿಂದೆ ಅಂಥ ಒಬ್ಬ ಯುವಕನು ಆರಾಧನೆ ಮುಗಿದ ಮೇಲೆ ನನ್ನ ಬಳಿಗೆ ಬಂದು, ತನ್ನ ಕಚೇರಿಯಲ್ಲಿ ಪಾನ್ ಮಸಾಲಾ ಒಂದರ ಪೊಟ್ಟಣದ ವಿನ್ಯಾಸವನ್ನು ತನಗೆ ವಹಿಸಿದ್ದಾರೆ, ಏನು ಮಾಡಲಿ ಎಂದು ಕೇಳಿದನು. ನಿನ್ನ ಮನಸ್ಸಾಕ್ಷಿ ಏನು ಹೇಳುತ್ತದೆಯೋ ಹಾಗೆ ಮಾಡು ಎಂದೆನು. "ಅಯ್ಯನವರೇ, ನಾನು ಬೇಡ ಅಂದರೆ ಪಕ್ಕದಲ್ಲಿ ಕೂತವನು ಮಾಡುತ್ತಾನೆ. ಪೊಟ್ಟಣ ಹೇಗೂ ಅಂಗಡಿಗೆ ಬರುತ್ತದೆ, ನನ್ನ ಸಂಬಳ ಮಾತ್ರ ಹೋಗುತ್ತದೆ" ಎಂದನು. ನಾನು ಪ್ರಾರ್ಥನೆಮಾಡಿ ಅವನನ್ನು ಕಳುಹಿಸಿಕೊಟ್ಟೆನು. ಆ ದಿನ ನಾನು ಕೊಟ್ಟ ಉತ್ತರವು ಉತ್ತರವೇ ಅಲ್ಲವೆಂಬ ಅರಿವೇ ಈ ಲೇಖನಕ್ಕೆ ಕಾರಣ.

ಗಾರ್ಲಂಡರ ಹೇಳಿಕೆಯನ್ನು ಓದುವಾಗ ಸಭಾಚರಿತ್ರೆಯನ್ನು ಬಲ್ಲವರಿಗೆ ಒಂದು ಹಳೆಯ ಧ್ವನಿ ಕೇಳಿಬರದೆ ಇರದು. ಸುಮಾರು ಕ್ರಿ.ಶ. 200ರ ಕಾಲದಲ್ಲಿ ಕಾರ್ಥೇಜಿನಲ್ಲಿದ್ದ ಟೆರ್ಟುಲಿಯನನು ವಿಗ್ರಹಾರಾಧನೆಯನ್ನು ಕುರಿತು ಬರೆದ ಪ್ರಬಂಧದಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಂಡಿದ್ದಾನೆ. ಅವನ ಮುಂದಿದ್ದವರು ಕ್ರೈಸ್ತರಾದ ಕುಶಲಕರ್ಮಿಗಳು: ಮರ ಕೆತ್ತುವವರು, ಬಣ್ಣ ಬಳಿಯುವವರು, ಗಾರೆಯ ಕೆಲಸದವರು, ಚಿನ್ನದ ಲೇಪ ಕೊಡುವವರು. ನಾವು ವಿಗ್ರಹಗಳನ್ನು ಮಾಡುತ್ತೇವೆ, ಪೂಜಿಸುವುದಿಲ್ಲ ಎಂದು ಅವರು ಹೇಳುತ್ತಿದ್ದರು. ನಮಗೆ ಬೇರೆ ಜೀವನೋಪಾಯವಿಲ್ಲ ಎನ್ನುತ್ತಿದ್ದರು. ಸತ್ಯವೇದವನ್ನೂ ತಮ್ಮ ಪರವಾಗಿ ತಂದರು: ಪ್ರತಿಯೊಬ್ಬನೂ ತಾನು ಕರೆಯಲ್ಪಟ್ಟ ಸ್ಥಿತಿಯಲ್ಲೇ ಇರಲಿ ಎಂದು ಪೌಲನು ಕೊರಿಂಥದವರಿಗೆ ಬರೆಯಲಿಲ್ಲವೇ? ಸ್ವಂತ ಕೈಯಿಂದ ದುಡಿಯಬೇಕೆಂದು ಥೆಸಲೋನಿಕದವರಿಗೆ ಹೇಳಲಿಲ್ಲವೇ? ಹಾಗಾದರೆ ಕಳ್ಳನೂ ತನ್ನ ಸ್ಥಿತಿಯಲ್ಲೇ ಇರಬಹುದಲ್ಲಾ ಎಂಬುದು ಟೆರ್ಟುಲಿಯನನ ಮರುಪ್ರಶ್ನೆಯ ಧಾಟಿ. ಇಂಥವರು ಸಭೆಯ ಸೇವಾಸ್ಥಾನಗಳಿಗೂ ಏರಿದ್ದಾರೆ, ವಿಗ್ರಹಗಳನ್ನು ರೂಪಿಸಿದ ಕೈಗಳೇ ಕರ್ತನ ಶರೀರವನ್ನು ಮುಟ್ಟುತ್ತಿವೆ ಎಂಬುದು ಅವನ ದುಃಖ.

ಅವನು ಬರಿಯ ನಿಷೇಧದಲ್ಲಿ ನಿಲ್ಲುವುದಿಲ್ಲ. ಬದಲಿ ಕೆಲಸವನ್ನೂ ತೋರಿಸುತ್ತಾನೆ. ಮರದಿಂದ ಮಂಗಳದೇವನನ್ನು ಕೆತ್ತಬಲ್ಲವನಿಗೆ ಕಪಾಟು ಮಾಡುವುದು ಕಷ್ಟವೇ? ಗಾರೆಯವನು ಸೂರು ಸರಿಪಡಿಸಬಹುದು, ಗೋಡೆಗೆ ಗಿಲಾವು ಮಾಡಬಹುದು. ಕಲೆ ಒಂದೇ, ಅದನ್ನು ತಿರುಗಿಸುವ ದಿಕ್ಕು ಬೇರೆ. 'ಕೌಶಲವನ್ನು ಬಿಡಬೇಡಿರಿ, ಅದರ ಗುರಿಯನ್ನು ಬದಲಾಯಿಸಿರಿ' ಎಂಬ ಗಾರ್ಲಂಡರ ವಾದ ಹದಿನೇಳು ಶತಮಾನಗಳಿಗೂ ಹಿಂದೆ ಕಾರ್ಥೇಜಿನಲ್ಲಿ ಹುಟ್ಟಿದ್ದು ಎಂದರೆ ತಪ್ಪಾಗಲಾರದು. ಗಾರ್ಲಂಡರು ಆ ಪ್ರಬಂಧವನ್ನು ಓದಿದ್ದರು ಎಂದು ಹೇಳುವುದು ನನ್ನ ಉದ್ದೇಶವಲ್ಲ. ಕೈಕೆಲಸದವನ ಮನಸ್ಸಾಕ್ಷಿಯನ್ನು ಕುರಿತು ಆಲೋಚಿಸತೊಡಗಿದವರು ಈ ಹಾದಿಗೆ ತಾವಾಗಿಯೇ ಬರುತ್ತಾರೆ.

ಈ ಹೋಲಿಕೆಯ ಒಳಗೇ ಒಂದು ವೈಪರೀತ್ಯವಿದೆ. ಅದನ್ನು ಯಾರೂ ಗಮನಿಸಿದಂತಿಲ್ಲ. ವಿಗ್ರಹಗಳಿಗೆ ಚಿನ್ನ ಬಳಿಯುವುದನ್ನು ಬಿಟ್ಟವನಿಗೆ ಟೆರ್ಟುಲಿಯನನು ತೋರಿಸುವ ಹೊಸ ಗಿರಾಕಿ ಯಾರು? ಚಿನ್ನ ಬಳಿದ ಪಾದರಕ್ಷೆಗಳನ್ನು ಕೊಳ್ಳುವವನು, ಬೆಲೆಬಾಳುವ ತಟ್ಟೆ ಬಟ್ಟಲುಗಳನ್ನು ಕೊಳ್ಳುವವನು. ಮೂಢಭಕ್ತಿಗಿಂತ ಭೋಗವೂ ಆಡಂಬರವೂ ಹೆಚ್ಚು ಕೆಲಸ ಕೊಡುತ್ತವೆ, ಆದ್ದರಿಂದ ಹೊಟ್ಟೆಯ ಚಿಂತೆ ಬೇಡ ಎಂಬುದು ಅವನ ಸಮಾಧಾನ. ದೇವಾಲಯದಿಂದ ಹೊರಬಿದ್ದ ಕರ್ಮಿಯನ್ನು ಅವನು ಕರೆದೊಯ್ದು ನಿಲ್ಲಿಸುವುದು ಭೋಗದ ಸಂತೆಯಲ್ಲಿ. ಗಾರ್ಲಂಡರ 22 ಮಂದಿ ಓಡಿಹೋಗಲು ಬಯಸಿದ್ದು ಅದೇ ಸಂತೆಯಿಂದ. ಸ್ತ್ರೀಯರ ಅಲಂಕಾರವನ್ನು ಕುರಿತು ಅಷ್ಟು ಕಠಿಣವಾಗಿ ಬರೆದ ಟೆರ್ಟುಲಿಯನನಿಗೆ ಇಲ್ಲಿ ಆಡಂಬರವು ಉಪಯೋಗಕ್ಕೆ ಬಂದದ್ದು ಸೋಜಿಗವೇ. ವಿಗ್ರಹ ಯಾವುದು ಎಂದು ಅವನಿಗೆ ನಿಶ್ಚಯವಾಗಿ ಗೊತ್ತಿತ್ತು: ಅದಕ್ಕೆ ಹೆಸರಿತ್ತು, ಗುಡಿಯಿತ್ತು, ಬಲಿಪೀಠವಿತ್ತು. ಹೆಸರೂ ಗುಡಿಯೂ ಇಲ್ಲದ ವಿಗ್ರಹವನ್ನು ಅವನ ಕಣ್ಣು ಹಿಡಿಯಲಿಲ್ಲ.

ಗಾರ್ಲಂಡರ ದೋಷ ಇದಕ್ಕೆ ಇದಿರಾದದ್ದು. ಅವರ ಪಟ್ಟಿಯಲ್ಲಿ ಬೆಕ್ಕಿನ ಆಹಾರವೂ ಸಿಗರೇಟೂ ಒಂದೇ ಸಾಲಿನಲ್ಲಿವೆ. ಒಂದು ಕ್ಷುಲ್ಲಕ, ಇನ್ನೊಂದು ಮಾರಕ. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 1962ರಲ್ಲೇ ಸ್ಪಷ್ಟವಾಗಿ ಸಾರಿತ್ತು. ಹೇಳಿಕೆ ಬರೆದದ್ದು ಅದರ ಮರುವರ್ಷ. ಆದರೂ ಎರಡಕ್ಕೂ ಭೇದ ತೋರಲಿಲ್ಲ. ಇದಕ್ಕೆ ಕಾರಣ, ಆ ಪಟ್ಟಿಯ ಹಿಂದಿರುವುದು ನೀತಿಯ ಅಳತೆಗೋಲಲ್ಲ, ಅಭಿರುಚಿಯ ಅಳತೆಗೋಲು. ವಿದ್ಯಾವಂತನಾದ ಕಲಾವಿದನಿಗೆ ಟೂತ್‌ಪೇಸ್ಟಿನ ಪಟ್ಟೆ ಬರೆಯುವುದು ತನ್ನ ಘನತೆಗೆ ಕಡಿಮೆ ಎನಿಸುತ್ತದೆ. ಈ ಬೇಸರ ಸಹಜವಾದದ್ದೇ. ಅದನ್ನು ಪಾಪದ ಅರಿವು ಎಂದು ತಿಳಿದುಕೊಂಡರೆ ಮಾತ್ರ ಎಡವುತ್ತೇವೆ. ತನ್ನ ಮನೆಯ ಬೆಕ್ಕಿಗೆ ಒಳ್ಳೆಯ ಆಹಾರ ಯಾವುದೆಂದು ಒಬ್ಬ ವೃದ್ಧೆಗೆ ತಿಳಿಯುವಂತೆ ಪೊಟ್ಟಣ ರಚಿಸುವುದು ನೆರೆಯವರ ಸೇವೆಯಲ್ಲವೆಂದು ಲೂಥರನ ಕರೆಯ ಸಿದ್ಧಾಂತವನ್ನು ಓದಿದ ಯಾರೂ ಹೇಳಲಾರರು.

2000ದ ಹೊತ್ತಿಗೆ ಈ ಹೇಳಿಕೆಯನ್ನು ತಿದ್ದಿ ಬರೆದು 33 ಮಂದಿಯ ಸಹಿಯೊಂದಿಗೆ 'ಆಡ್‌ಬಸ್ಟರ್ಸ್' ಮತ್ತಿತರ ವೃತ್ತಿಪತ್ರಿಕೆಗಳಲ್ಲಿ ಪ್ರಕಟಿಸಿದರು. ಆಗ ಅಮೆರಿಕದ ವಿನ್ಯಾಸಕಾರ ಮೈಕೆಲ್ ಬಿಯೆರುಟ್ ಅದಕ್ಕೆ ಹತ್ತು ಅಡಿಟಿಪ್ಪಣಿಗಳ ರೂಪದಲ್ಲಿ ಒಂದು ಚುರುಕಾದ ಉತ್ತರ ಬರೆದರು. ಸಹಿ ಹಾಕಿದವರಲ್ಲಿ ಬಹುಮಂದಿ ನಾಯಿಬಿಸ್ಕತ್ತಿನ ಪೊಟ್ಟಣ ರಚಿಸಬೇಕಾದ ಸ್ಥಿತಿಯಲ್ಲೇ ಎಂದೂ ಇರಲಿಲ್ಲ, ಅವರ ಗಿರಾಕಿಗಳು ವಸ್ತುಸಂಗ್ರಹಾಲಯಗಳು, ಪ್ರಕಾಶನಗಳು, ಸಾಂಸ್ಕೃತಿಕ ಸಂಸ್ಥೆಗಳು ಎಂಬುದು ಅವರ ಆಕ್ಷೇಪಗಳಲ್ಲಿ ಒಂದು. ತನ್ನ ಕೈಗೆ ಬರದ ಕೆಲಸವನ್ನು ತ್ಯಜಿಸುವ ಪ್ರತಿಜ್ಞೆ ಸುಲಭ. ನಮ್ಮ ಸೆಮಿನರಿಗಳಲ್ಲೂ ಇಂಥ ಹೇಳಿಕೆಗಳಿಗೆ ನಾವು ಸಹಿ ಹಾಕುತ್ತಲೇ ಇರುತ್ತೇವೆಂಬುದನ್ನು ಇಲ್ಲಿ ನೆನಪಿಸಿದರೆ ಯಾರೂ ತಪ್ಪು ತಿಳಿಯಬಾರದು.

ಮೇಲಿನ 33 ಮಂದಿಯಲ್ಲಿ ಒಬ್ಬರಾದ ಮಿಲ್ಟನ್ ಗ್ಲೇಸರ್ ಅವರ ಪ್ರಯತ್ನ ಇದಕ್ಕಿಂತ ಗಂಭೀರವಾದದ್ದು. 1977ರಲ್ಲಿ ನ್ಯೂಯಾರ್ಕ್ ಪ್ರಾಂತ್ಯಕ್ಕಾಗಿ ಹೃದಯದ ಚಿಹ್ನೆಯುಳ್ಳ ಆ ಪ್ರಸಿದ್ಧ ಲಾಂಛನವನ್ನು ರಚಿಸಿದವರು ಇವರೇ, 2020ರಲ್ಲಿ ತೀರಿಕೊಂಡರು. ದಾಂತೆಯ ಶುದ್ಧೀಕರಣಲೋಕದ ಕಾಂಡಕ್ಕೆ ಚಿತ್ರಗಳನ್ನು ಬರೆಯುವಾಗ ಅವರಿಗೆ ನರಕಕ್ಕೆ ಇಳಿಯುವ ದಾರಿಯ ಯೋಚನೆ ಬಂತು. ವಿನ್ಯಾಸಕಾರನಿಗಾಗಿ ಅವರು ಹನ್ನೆರಡು ಮೆಟ್ಟಿಲುಗಳ ಪ್ರಶ್ನಾವಳಿಯೊಂದನ್ನು ರಚಿಸಿದರು. ಅಂಗಡಿಯ ಕಪಾಟಿನಲ್ಲಿ ಒಳಗಿನ ವಸ್ತುವಿಗಿಂತ ದೊಡ್ಡದಾಗಿ ಕಾಣುವ ಪೊಟ್ಟಣ ರಚಿಸುವೆಯಾ ಎಂಬುದು ಮೊದಲ ಮೆಟ್ಟಿಲು. ನಿಧಾನವಾದ ಬೇಸರದ ಚಲನಚಿತ್ರವನ್ನು ಹಗುರಾದ ಹಾಸ್ಯಚಿತ್ರವೆಂದು ತೋರಿಸುವ ಜಾಹೀರಾತು, ಹೊಸ ದ್ರಾಕ್ಷಾರಸ ಕಂಪನಿಗೆ ತಲೆಮಾರುಗಳ ಹಳಮೆಯ ಸೋಗು ಹಾಕುವ ಮುದ್ರೆ ಮುಂದಿನವು. ಮತ್ತೆ ಕೆಳಗೆ ಇಳಿದರೆ ಸಕ್ಕರೆ ತುಂಬಿದ ಮಕ್ಕಳ ತಿಂಡಿ, ಮಕ್ಕಳ ದುಡಿಮೆಯಿಂದ ಹೊಲಿದ ಅಂಗಿ, ಕೆಲಸಮಾಡುವುದಿಲ್ಲವೆಂದು ನಿನಗೇ ಗೊತ್ತಿರುವ ತೂಕ ಇಳಿಸುವ ಔಷಧ, ಜನರಿಗೆ ಹಾನಿಯೆಂದು ನೀನೇ ನಂಬುವ ಧೋರಣೆಗಳ ರಾಜಕೀಯ ಅಭ್ಯರ್ಥಿ ಬರುತ್ತಾರೆ. ಕೊನೆಯ ಮೆಟ್ಟಿಲು, ಪದೇಪದೇ ಬಳಸಿದರೆ ಬಳಸುವವನು ಸಾಯಬಹುದಾದ ವಸ್ತುವಿನ ಜಾಹೀರಾತು.

ಗಾರ್ಲಂಡರಲ್ಲಿ ಇಲ್ಲದ ತಾರತಮ್ಯ ಇಲ್ಲಿದೆ. ಪ್ರತಿಯೊಂದು ಮೆಟ್ಟಿಲಲ್ಲೂ ಪ್ರಶ್ನೆ 'ನೀನು' ಎಂದೇ ಕೇಳುತ್ತದೆ. 'ಸಮಾಜ' ಎಂಬ ಪದದ ಹಿಂದೆ ಅಡಗಲು ಬಿಡುವುದಿಲ್ಲ. ಆಪ್ತಸಮಾಲೋಚನೆಯಲ್ಲಿ ಸಭಾಪಾಲಕರು ಇದನ್ನು ಉಪಯೋಗಿಸಬಹುದು. ನಾನು ಯುವಜನ ಶಿಬಿರವೊಂದರಲ್ಲಿ ಉಪಯೋಗಿಸಿದ್ದೇನೆ. ತಾರತಮ್ಯವು ಸತ್ಯವೇದಕ್ಕೆ ಹೊರತಾದದ್ದೂ ಅಲ್ಲ. ಸ್ನಾನಿಕನಾದ ಯೋಹಾನನು ಸುಂಕದವರಿಗೆ ಸುಂಕದ ಕಟ್ಟೆಯನ್ನು ಬಿಡಿರೆನ್ನಲಿಲ್ಲ. ನೇಮಿಸಿದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳಬೇಡಿರೆಂದನು. ಒಡೆಯನು ತನ್ನ ಕೈಯ ಮೇಲೆ ಆತುಕೊಂಡು ರಿಮ್ಮೋನನ ಗುಡಿಯಲ್ಲಿ ಅಡ್ಡಬೀಳುವಾಗ ತಾನೂ ಬಾಗಬೇಕಾಗುತ್ತದಲ್ಲಾ ಎಂದು ನಾಮಾನನು ಅಳುಕಿದಾಗ, ಎಲೀಷನು ಅವನನ್ನು ಸಮಾಧಾನದಿಂದಲೇ ಕಳುಹಿಸಿದನು. ಟೆರ್ಟುಲಿಯನನಿಗೆ ಈ ಎರಡು ಭಾಗಗಳೂ ನುಂಗಲಾರದ ತುತ್ತು. ಕೂಲಿಯವನ ತಲೆ ಎಲ್ಲಿ ಬಾಗುತ್ತದೆಂಬುದನ್ನು ದೇವರು ನೋಡುತ್ತಾನೆ, ಅವನ ತೋಳಿನ ಮೇಲೆ ಯಾರ ಭಾರವಿದೆಯೆಂಬುದನ್ನೂ ನೋಡುತ್ತಾನೆ.

ಆದರೂ ಗ್ಲೇಸರರ ಮೆಟ್ಟಿಲುಗಳ ಕ್ರಮವನ್ನು ನಾನು ಒಪ್ಪಲಾರೆ. ಅವರ ಲೆಕ್ಕದಲ್ಲಿ ದೊಡ್ಡದಾಗಿ ಕಾಣುವ ಪೊಟ್ಟಣ ಅತಿ ಸಣ್ಣ ತಪ್ಪು, ಮರಣ ಅತಿ ದೊಡ್ಡದು, ನಡುವೆ ಹತ್ತು ಹಂತಗಳ ಅಂತರ. ಆಮೋಸನ ಪ್ರವಾದನೆಯ ಎಂಟನೆಯ ಅಧ್ಯಾಯವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿರಿ. ಸಬ್ಬತ್ ಯಾವಾಗ ಮುಗಿದೀತೆಂದು ಕಾಯುವ ವರ್ತಕರು ಧಾನ್ಯದ ಅಳತೆಯನ್ನು ಕಿರಿದುಮಾಡುತ್ತಾರೆ, ನಾಣ್ಯದ ತೂಕವನ್ನು ಹಿರಿದುಮಾಡುತ್ತಾರೆ, ಮತ್ತು ಅದೇ ಉಸಿರಿನಲ್ಲಿ ದರಿದ್ರನನ್ನು ಕೊಂಡುಕೊಳ್ಳುತ್ತಾರೆ. ಪ್ರವಾದಿಗೆ ಮೊದಲನೆಯ ಮೆಟ್ಟಿಲಿಗೂ ಕೊನೆಯ ಮೆಟ್ಟಿಲಿಗೂ ನಡುವೆ ಅಂತರವೇ ಇಲ್ಲ. ಒಳಗಿರುವುದಕ್ಕಿಂತ ದೊಡ್ಡದಾಗಿ ಕಾಣುವ ಪೊಟ್ಟಣವೆಂದರೆ ಕಿರಿದಾದ ಅಳತೆಯೇ. ಹತ್ತು ರೂಪಾಯಿಗೆ ಲೆಕ್ಕವಿಟ್ಟು ಬದುಕುವವನ ಪಾಲಿಗೆ ಅದು ತಮಾಷೆಯಲ್ಲ. ಗ್ಲೇಸರರ ಏಣಿ ಕೊಳ್ಳುವವನನ್ನು ತನ್ನ ಸರೀಕನೆಂದು ಭಾವಿಸುತ್ತದೆ. ಆಮೋಸನು ಅವನನ್ನು ಬಡವನೆಂದು ತಿಳಿದು ನೋಡುತ್ತಾನೆ.

ಈ ಕಡೆಯ ಮೆಟ್ಟಿಲನ್ನು ಕುರಿತು ನಮ್ಮ ನಾಡಿನದೇ ಒಂದು ಪ್ರಸಂಗವಿದೆ. ಭಾರತದಲ್ಲಿ 2016ರ ಏಪ್ರಿಲ್ 1ರಿಂದ ತಂಬಾಕಿನ ಪೊಟ್ಟಣಗಳ ಮುಖ್ಯ ಭಾಗದ ಶೇಕಡಾ 85ರಷ್ಟನ್ನು ಎಚ್ಚರಿಕೆಯ ಚಿತ್ರ ಮತ್ತು ಬರಹ ಆವರಿಸಬೇಕೆಂಬ ನಿಯಮ ಜಾರಿಗೆ ಬಂತು. ಅದನ್ನು ಪ್ರಶ್ನಿಸಿದ ಅರ್ಜಿಗಳನ್ನು ವಿಚಾರಿಸಿದ್ದು ಕರ್ನಾಟಕ ಉಚ್ಚ ನ್ಯಾಯಾಲಯ. 2017ರ ಡಿಸೆಂಬರಿನಲ್ಲಿ ಅದು ಆ ನಿಯಮವನ್ನು ರದ್ದುಗೊಳಿಸಿತು. 2018ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತು. ಕಾನೂನಿನ ಸೂಕ್ಷ್ಮಗಳು ಹೇಗೂ ಇರಲಿ. ಅಂಗೈಯಗಲದ ರಟ್ಟಿನ ಮೇಲೆ ಚಿತ್ರಕ್ಕೆ ಎಷ್ಟು ಜಾಗ, ಲಾಂಛನಕ್ಕೆ ಎಷ್ಟು ಜಾಗ ಎಂಬುದಕ್ಕಾಗಿ ದೇಶದ ಅತ್ಯುನ್ನತ ನ್ಯಾಯಪೀಠದವರೆಗೆ ಹೋರಾಟ ನಡೆಯಿತು. ಆಸ್ಟ್ರೇಲಿಯಾ ಇನ್ನೂ ಮುಂದೆ ಹೋಗಿ 2012ರ ಡಿಸೆಂಬರಿನಿಂದ ಎಲ್ಲ ಕಂಪನಿಗಳ ಸಿಗರೇಟು ಪೊಟ್ಟಣಗಳಿಗೂ ಒಂದೇ ಬಣ್ಣವನ್ನು ವಿಧಿಸಿತು. ಜನರಿಗೆ ಅತ್ಯಂತ ಅನಾಕರ್ಷಕವಾಗಿ ಕಾಣುವ ಬಣ್ಣ ಯಾವುದೆಂದು ಪರೀಕ್ಷಿಸಿ ಆರಿಸಿದ ಮಾಸಲು ಕಂದು ಅದು. ಮನಸ್ಸನ್ನು ಸೆಳೆಯಲು ಕಲಿತ ವಿದ್ಯೆಯನ್ನೇ ಮನಸ್ಸನ್ನು ಹಿಂದೆಗೆಸಲು ಬಳಸಿದರು.

ನಾನು ಬರಿಯ ರೂಪ ಕೊಡುವವನು, ವಸ್ತುವಿಗೆ ಹೊಣೆ ನಾನಲ್ಲ ಎಂಬ ಮಾತು ಇದರ ಮುಂದೆ ನಿಲ್ಲಲಾರದು. ರೂಪಕ್ಕೆ ಶಕ್ತಿಯಿಲ್ಲದಿದ್ದರೆ ಶೇಕಡಾವಾರು ಜಾಗಕ್ಕಾಗಿ ಯಾರೂ ವಕೀಲರಿಗೆ ಹಣ ಸುರಿಯುವುದಿಲ್ಲ. ವಿಮೋಚನಕಾಂಡದ ಸಂಪಾದಕರು ಎರಡು ಕೈಗಳನ್ನು ಅಕ್ಕಪಕ್ಕದ ಅಧ್ಯಾಯಗಳಲ್ಲಿ ಇಟ್ಟಿದ್ದಾರೆ. ಮೂವತ್ತೊಂದರಲ್ಲಿ ಬೆಚಲೇಲನು, ದೇವರಾತ್ಮನಿಂದ ತುಂಬಿಸಲ್ಪಟ್ಟವನೆಂದು ಹೆಸರು ಹಿಡಿದು ಕರೆಯಲ್ಪಟ್ಟ ಕುಶಲಕರ್ಮಿ. ಮೂವತ್ತೆರಡರಲ್ಲಿ ಆರೋನನು, ಉಳಿಯನ್ನು ಹಿಡಿದು ಬಸವನನ್ನು ರೂಪಿಸಿದ ಯಾಜಕ. ಮೋಶೆ ಕೇಳಿದಾಗ ಆರೋನನು ಕೊಟ್ಟ ಸಮಜಾಯಿಷಿ ನಮಗೆ ಗೊತ್ತೇ ಇದೆ: ಜನರು ಬಂಗಾರ ತಂದರು, ನಾನು ಬೆಂಕಿಯಲ್ಲಿ ಹಾಕಿದೆ, ಈ ಕರು ಹೊರಬಂತು. ಗಿರಾಕಿ ಕೇಳಿದ, ಕಂಪ್ಯೂಟರಿಗೆ ಹಾಕಿದೆ, ಪೊಟ್ಟಣ ಹೊರಬಂತು ಎನ್ನುವುದು ಇದಕ್ಕಿಂತ ಬೇರೆಯಲ್ಲ. ಇನ್ನು ಪಕ್ಕದಲ್ಲಿ ಕೂತವನು ಹೇಗೂ ಮಾಡುತ್ತಾನೆಂಬ ನನ್ನ ಯುವಕನ ವಾದವು ಫಲಿತಾಂಶದ ಲೆಕ್ಕದಲ್ಲಿ ನಿಜವಿರಬಹುದು. ಮೋಶೆಯು ಆರೋನನನ್ನು ಕೇಳಿದ್ದು ಮಾತ್ರ, ನೀನು ಇದನ್ನು ಏಕೆ ಮಾಡಿದೆ ಎಂಬುದನ್ನೇ.

ಇಲ್ಲಿಯವರೆಗೆ ಮಾತು ಕೆಲಸದ ಫಲವನ್ನು ಕುರಿತದ್ದಾಯಿತು. ಕೆಲಸ ಪರಿಶುದ್ಧ, ಕೆಲಸದವನು ಭ್ರಷ್ಟ ಎಂದಾದರೆ ಏನು ಮಾಡಬೇಕು? ಎರಿಕ್ ಗಿಲ್ ಅವರನ್ನು ಬಿಟ್ಟು ಈ ಪ್ರಶ್ನೆಯನ್ನು ಚರ್ಚಿಸುವುದು ಪ್ರಾಮಾಣಿಕವಾಗದು. ಗಿಲ್ 1882ರಲ್ಲಿ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಹುಟ್ಟಿ, 1913ರಲ್ಲಿ ರೋಮನ್ ಕಥೋಲಿಕ ಸಭೆಯನ್ನು ಸೇರಿದರು. ವೆಸ್ಟ್‌ಮಿನ್‌ಸ್ಟರ್ ಕಥೀಡ್ರಲಿನ ಶಿಲುಬೆಯ ಹಾದಿಯ ಶಿಲ್ಪಗಳು ಅವರವು. 1928ರಲ್ಲಿ ಬಂದ 'ಗಿಲ್ ಸ್ಯಾನ್ಸ್' ಅಕ್ಷರವಿನ್ಯಾಸ ಅವರದು. 1931ರಲ್ಲಿ ಗೋಲ್ಡನ್ ಕಾಕೆರೆಲ್ ಪ್ರೆಸ್ ಪ್ರಕಟಿಸಿದ ನಾಲ್ಕು ಸುವಾರ್ತೆಗಳ ಪುಸ್ತಕದಲ್ಲಿ ಅಕ್ಷರವೂ ಚಿತ್ರವೂ ಒಂದರೊಳಗೊಂದು ಹೆಣೆದುಕೊಂಡಿರುವ ರೀತಿ ಅಪೂರ್ವವಾದದ್ದು. ಕೆಲಸಗಾರನು ತಾನು ಮಾಡಿದ ವಸ್ತುವಿಗೆ ಪೂರ್ಣವಾಗಿ ಹೊಣೆಗಾರನಾಗಿರಬೇಕು, ಯಂತ್ರೋದ್ಯಮವು ಆ ಹೊಣೆಯನ್ನು ಅವನಿಂದ ಕಿತ್ತುಕೊಂಡಿದೆ ಎಂದು ಅವರು ಬರೆದಷ್ಟು ತೀವ್ರವಾಗಿ ಆ ಶತಮಾನದಲ್ಲಿ ಬರೆದ ಕ್ರೈಸ್ತ ಕರ್ಮಿಗಳು ವಿರಳ. ಅವರು ತಮ್ಮ ಸ್ವಂತ ಹೆಣ್ಣುಮಕ್ಕಳನ್ನು ಲೈಂಗಿಕವಾಗಿ ದುರುಪಯೋಗಪಡಿಸಿದ್ದರೆಂಬುದು, ಅವರ ದಿನಚರಿಗಳನ್ನು ಆಧರಿಸಿ ಫಿಯೋನಾ ಮೆಕಾರ್ಥಿ 1989ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯಿಂದ ಲೋಕಕ್ಕೆ ತಿಳಿಯಿತು. ಇದಾದ ಹನ್ನೊಂದು ವರ್ಷಗಳ ಮೇಲೆ ಇಂಗ್ಲೆಂಡ್ ಸಭೆಯು 'ಕಾಮನ್ ವರ್ಷಿಪ್' ಎಂಬ ತನ್ನ ಹೊಸ ಆರಾಧನಾ ಪುಸ್ತಕವನ್ನು ಹೊರತಂದಿತು. ಅದರ ಪ್ರಾರ್ಥನೆಗಳು ಅಚ್ಚಾಗಿರುವುದು ಗಿಲ್ ಸ್ಯಾನ್ಸ್ ಅಕ್ಷರಗಳಲ್ಲಿ.

ಇಂಥ ಸಂದರ್ಭದಲ್ಲಿ ನಮ್ಮವರು ಕೂಡಲೇ ಔಗುಸ್ತೀನನನ್ನು ಕರೆತರುತ್ತಾರೆ: ದೊನಾತರ ವಿವಾದದಲ್ಲಿ ಅವನು ಹೇಳಿದಂತೆ, ಸೇವಕನ ಅಯೋಗ್ಯತೆಯು ಸಂಸ್ಕಾರವನ್ನು ಕೆಡಿಸುವುದಿಲ್ಲ, ಆದ್ದರಿಂದ ಅಕ್ಷರವೂ ಕೆಡುವುದಿಲ್ಲ. ಈ ಉತ್ತರ ಅವಸರದ್ದು. ಸಂಸ್ಕಾರದ ಸ್ಥಿರತೆ ನಿಂತಿರುವುದು ಕ್ರಿಸ್ತನ ವಾಗ್ದಾನದ ಮೇಲೆ. ಅಕ್ಷರವಿನ್ಯಾಸಕ್ಕೆ ಅಂಥ ವಾಗ್ದಾನವೇನೂ ಇಲ್ಲ. ದೀಕ್ಷಾಸ್ನಾನಕ್ಕೆ ಬದಲಿಯಿಲ್ಲ; ಗಿಲ್ ಸ್ಯಾನ್ಸಿಗೆ ನೂರು ಬದಲಿಗಳಿವೆ. ಅಕ್ಷರದ ವಕ್ರರೇಖೆಯಲ್ಲಿ ಪಾಪ ಅಂಟಿಕೊಂಡಿದೆಯೆಂದು ನಾನು ನಂಬುವುದಿಲ್ಲ. ಬಾಲ್ಯದಲ್ಲಿ ಅಂಥ ಹಿಂಸೆಗೆ ಗುರಿಯಾದ ಒಬ್ಬ ಸ್ತ್ರೀ ಆ ಪುಸ್ತಕವನ್ನು ಕೈಯಲ್ಲಿ ಹಿಡಿದು ಪಾಪಾರಿಕೆಯ ಪ್ರಾರ್ಥನೆಯನ್ನು ಓದುತ್ತಿದ್ದಾಳೆಂದು ಊಹಿಸಿರಿ. ಅಕ್ಷರ ಯಾರದೆಂದು ಅವಳಿಗೆ ಗೊತ್ತಿದೆ. ಆಗ ಪ್ರಶ್ನೆ ಅಕ್ಷರದ ಶುದ್ಧಿಯದ್ದಲ್ಲ, ಬಲಹೀನರಿಗೆ ಅಡ್ಡಿಯಾಗುವ ಆಹಾರವನ್ನು ಕುರಿತು ಪೌಲನು ಕೊರಿಂಥದವರಿಗೆ ಕೇಳಿದ್ದು. ನನಗೆ ಹಕ್ಕಿದೆ ಎಂಬುದು ಅಲ್ಲಿ ಸಾಲದು. ಶಿಲುಬೆಯ ಹಾದಿಯ ಶಿಲ್ಪಗಳನ್ನು ಕಿತ್ತುಹಾಕಬೇಕೇ ಎಂಬುದು ಇದಕ್ಕಿಂತ ಜಟಿಲ. ಕಲ್ಲಿಗೂ ಹೊಸದಾಗಿ ಆರಿಸುವ ಅಕ್ಷರಕ್ಕೂ ವ್ಯತ್ಯಾಸವುಂಟು. ಹೊಸದಾಗಿ ಆರಿಸುವಾಗ ಬೇರೊಂದನ್ನು ಆರಿಸಬಹುದಾಗಿತ್ತು ಎಂದಷ್ಟೇ ನನ್ನ ಅಭಿಪ್ರಾಯ. ಕೆಲಸದ ಪಾವಿತ್ರ್ಯವನ್ನು ಕುರಿತ ಒಳ್ಳೆಯ ಸಿದ್ಧಾಂತವು ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುವುದಿಲ್ಲವೆಂಬುದಕ್ಕೂ ಗಿಲ್ ಸಾಕ್ಷಿ. ವೃತ್ತಿನೀತಿಯ ಪಾಠವು ಸೆಮಿನರಿಯ ಪಠ್ಯಕ್ರಮಕ್ಕೆ ಸೇರಿದರೆ ಎಲ್ಲ ಸರಿಹೋಗುವುದೆಂದು ನಂಬುವವರು ಇದನ್ನು ನೆನಪಿನಲ್ಲಿಡಬೇಕು.

ಮರಳಿ ಹೊಟ್ಟೆಯ ಪ್ರಶ್ನೆಗೆ ಬರೋಣ. ನಮಗೆ ಜೀವನೋಪಾಯವಿಲ್ಲ ಎಂದ ವಿಗ್ರಹ ಕೆತ್ತುವವರಿಗೆ ಟೆರ್ಟುಲಿಯನನು ಒರಟಾಗಿ, ನೀನು ಬದುಕಲೇಬೇಕೋ ಎಂಬ ಅರ್ಥದ ಉತ್ತರ ಕೊಟ್ಟನು. ಹಿಪ್ಪೊಲಿತನ ಹೆಸರಿನಲ್ಲಿ ಬಂದಿರುವ 'ಅಪೊಸ್ತಲಿಕ ಸಂಪ್ರದಾಯ'ವೂ ಅಷ್ಟೇ ಬಿಗಿ: ಶಿಲ್ಪಿಯಾಗಲಿ ಚಿತ್ರಕಾರನಾಗಲಿ ವಿಗ್ರಹ ಮಾಡುವುದನ್ನು ನಿಲ್ಲಿಸಲಿ, ಇಲ್ಲವೇ ತಿರಸ್ಕರಿಸಲ್ಪಡಲಿ. ಗಾರ್ಲಂಡರೂ ಗ್ಲೇಸರರೂ ಇಷ್ಟು ಕಠೋರರಲ್ಲ. ಆದರೆ ಬೇಡವೆಂದವನ ಸಂಬಳಕ್ಕೆ ಯಾರು ಹೊಣೆ ಎಂಬುದನ್ನು ಅವರೂ ಹೇಳುವುದಿಲ್ಲ. ಹೇಳಿಕೆಗೆ ಸಹಿ ಬಿದ್ದರೂ, ಪ್ರಶ್ನಾವಳಿಗೆ ಉತ್ತರ ಬರೆದರೂ, ಆ ಮೇಲೆ ಮನುಷ್ಯನು ಒಂಟಿಯಾಗಿಯೇ ಮನೆಗೆ ಹೋಗುತ್ತಾನೆ.

ಟೆರ್ಟುಲಿಯನನ ನಂತರ ಅರ್ಧ ಶತಮಾನದಲ್ಲಿ ಅದೇ ಕಾರ್ಥೇಜಿನ ಬಿಷಪರಾಗಿದ್ದ ಸಿಪ್ರಿಯನನ ಒಂದು ಚಿಕ್ಕ ಪತ್ರ ಈ ಕೊರತೆಯನ್ನು ತುಂಬುತ್ತದೆ. ಯೂಕ್ರಾತಿಯನೆಂಬ ಸಹಸೇವಕನು ಅವನನ್ನು ಕೇಳಿದ್ದು ಒಬ್ಬ ನಟನ ವಿಷಯ. ಆತನು ರಂಗಸ್ಥಳವನ್ನು ಬಿಟ್ಟಿದ್ದಾನೆ, ಆದರೆ ಹೊಟ್ಟೆಪಾಡಿಗೆ ಇತರರಿಗೆ ಅದೇ ಕಲೆಯನ್ನು ಕಲಿಸುತ್ತಿದ್ದಾನೆ. ಅವನನ್ನು ಅನ್ಯೋನ್ಯತೆಯಲ್ಲಿ ಇರಿಸಿಕೊಳ್ಳಬಹುದೇ? ಕೂಡದು ಎನ್ನುತ್ತಾನೆ ಸಿಪ್ರಿಯನ್. ತತ್ತ್ವದಲ್ಲಿ ಟೆರ್ಟುಲಿಯನನಿಗಿಂತ ಎಳ್ಳಷ್ಟೂ ಸಡಿಲನಲ್ಲ. ಆದರೆ ಪತ್ರ ಅಲ್ಲಿಗೆ ಮುಗಿಯುವುದಿಲ್ಲ. ಅವನು ಬಡತನವನ್ನು ಮುಂದಿಟ್ಟರೆ, ಸಭೆಯು ಪೋಷಿಸುವ ಇತರರೊಡನೆ ಅವನಿಗೂ ಮಿತವಾದ, ನಿರ್ದೋಷವಾದ ಆಹಾರ ದೊರೆಯಲಿ. ಪಾಪವನ್ನು ಬಿಟ್ಟದ್ದಕ್ಕೆ ಇದು ಸಂಬಳವೆಂದು ಮಾತ್ರ ಅವನು ಎಣಿಸದಿರಲಿ. ನಿಮ್ಮ ಸಭೆಗೆ ಅಷ್ಟು ಶಕ್ತಿಯಿಲ್ಲವಾದರೆ ಅವನನ್ನು ಕಾರ್ಥೇಜಿಗೆ ಕಳುಹಿಸಿಕೊಡಿರಿ, ಅವನಿಗೆ ಅನ್ನವನ್ನೂ ಬಟ್ಟೆಯನ್ನೂ ನಾವು ಕೊಡುತ್ತೇವೆ. ಕೂಡದು ಎಂದ ಬಾಯಿಯೇ ಖರ್ಚನ್ನೂ ಒಪ್ಪಿಕೊಂಡಿತು.

ಕರಾವಳಿಯ ನಮ್ಮ ಸಭೆಗಳಿಗೆ ಇದು ಪರಕೀಯವಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು, ಕ್ರೈಸ್ತರಾದ ಮೂರ್ತೆದಾರರು ಕಳ್ಳು ಇಳಿಸುವುದನ್ನು ಬಿಡಬೇಕೆಂದು ಅಪೇಕ್ಷಿಸಿದರು. ಜಾತಿಯನ್ನೂ ನೆಲವನ್ನೂ ಕಳೆದುಕೊಂಡವರಿಗೆ ಬದಲಿ ಕಸುಬಿಲ್ಲವೆಂಬುದು ಬಲುಬೇಗ ಕಂಡುಬಂತು. ನೇಯ್ಗೆಯ ಶಾಲೆಗಳೂ, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯೂ ಹುಟ್ಟಿದ ಹಿನ್ನೆಲೆ ಇದು. 1841ರಲ್ಲಿ ಆರಂಭವಾದ ಮಿಶನಿನ ಅಚ್ಚುಕೂಟವನ್ನೂ ಇದರೊಡನೆ ಎಣಿಸಬೇಕು. 'ಮಂಗಳೂರ ಸಮಾಚಾರ'ವೂ ಕಿಟೆಲರ ನಿಘಂಟೂ ಹೊರಬಿದ್ದ ಆ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದವರು ಇಂದಿನ ನಮ್ಮ ವಿನ್ಯಾಸಕಾರರ ಪೂರ್ವಿಕರೇ. ಆ ಕಾರ್ಖಾನೆಗಳಲ್ಲಿ ಧಣಿಯೂ ಬೋಧಕನೂ ಒಬ್ಬನೇ ಆಗಿದ್ದರಿಂದ ಉಂಟಾದ ಕೇಡುಗಳನ್ನು ನಾನು ಮರೆತಿಲ್ಲ. ಅದನ್ನು ಕುರಿತು ಈಗಾಗಲೇ ಸಾಕಷ್ಟು ಬರೆಯಲಾಗಿದೆ. ಬಿಡು ಎಂದವರು ಬದಲಿಯನ್ನೂ ಕಟ್ಟಿದರೆಂಬುದು ಮಾತ್ರ ಉಳಿಯುತ್ತದೆ. ಮುಂದೆ ಅದೇ ಜಿಲ್ಲೆಯ ಮನೆಮನೆಯ ಜಗಲಿಯಲ್ಲಿ ಬೀಡಿ ಕಟ್ಟುವ ಕೆಲಸ ಹರಡಿದಾಗ ನಾವು ಏನನ್ನೂ ಕಟ್ಟಲಿಲ್ಲ, ಬಿಡಿರೆಂದೂ ಹೇಳಲಿಲ್ಲ.

ವಿನ್ಯಾಸಕಾರರ ವಿಷಯದಲ್ಲಿ ಕಾರ್ಖಾನೆ ಕಟ್ಟಬೇಕಾಗಿಲ್ಲ. ಸಭೆಗಳಿಗೂ ಅವುಗಳ ಶಾಲೆ, ಆಸ್ಪತ್ರೆಗಳಿಗೂ ವರ್ಷವಿಡೀ ಅಚ್ಚಿನ ಕೆಲಸವಿರುತ್ತದೆ. ಅದನ್ನು ನಾವು ಸಾಮಾನ್ಯವಾಗಿ ಯುವಜನ ಸಂಘದ ಯಾರಾದರೂ ಹುಡುಗನಿಂದ ಬಿಟ್ಟಿಯಾಗಿ, ರಾತ್ರೋರಾತ್ರಿ ಮಾಡಿಸಿಕೊಳ್ಳುತ್ತೇವೆ. ಅದಕ್ಕೆ ಸೇವೆ ಎಂದು ಹೆಸರು. ಏನು ಮಾಡಿಸುತ್ತೇವೆಂಬುದನ್ನೂ ನೋಡಬೇಕು. ಉಜ್ಜೀವನ ಕೂಟದ ಫ್ಲೆಕ್ಸಿನಲ್ಲಿ ಬೋಧಕರ ಮುಖ ಆಳೆತ್ತರ, ಕರ್ತನ ಹೆಸರು ಬೆರಳಗಲ. ಕೆಳಗೆ ಸ್ವಸ್ಥತೆಯ ಭರವಸೆ, ಕುಂಟನು ಬಿಸಾಡಿದ ಊರುಗೋಲಿನ ಚಿತ್ರ. ಇದು ಗ್ಲೇಸರರ ಏಣಿಯಲ್ಲಿ ಎಷ್ಟನೆಯ ಮೆಟ್ಟಿಲೆಂದು ಲೆಕ್ಕ ಹಾಕುವುದನ್ನು ವಾಚಕರಿಗೆ ಬಿಡುತ್ತೇನೆ. ಪಾನ್ ಮಸಾಲಾ ಕಂಪನಿಯನ್ನು ಬೇಡವೆನ್ನಲು ಆ ಹುಡುಗನಿಗೆ ಹೇಳುವ ಮೊದಲು, ನಮ್ಮ ಫ್ಲೆಕ್ಸನ್ನೂ ಬೇಡವೆನ್ನಲು ಅವನಿಗೆ ಸ್ವಾತಂತ್ರ್ಯವಿದೆಯೇ ಎಂದು ಕೇಳಿಕೊಳ್ಳತಕ್ಕದ್ದು.

ಆ ಯುವಕನು ಪೊಟ್ಟಣವನ್ನು ರಚಿಸಿಕೊಟ್ಟನು. ಈಗಲೂ ಅದೇ ಕಚೇರಿಯಲ್ಲಿದ್ದಾನೆ. ಭಾನುವಾರಗಳಲ್ಲಿ ಬರುತ್ತಾನೆ, ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಾನೆ. ಸಿಪ್ರಿಯನನ ಪತ್ರವನ್ನು ನಾನು ಓದಿದ್ದು ಅವನು ಬಂದು ಕೇಳಿದ ಮೇಲೆ. ಕೆಲಸ ಬಿಟ್ಟವನಿಗೆ ಆರು ತಿಂಗಳ ಮಟ್ಟಿಗಾದರೂ ಸಭೆಯ ನಿಧಿಯಿಂದ ಸಹಾಯ ಮಾಡಬಹುದೇ ಎಂಬ ವಿಷಯ ನಮ್ಮ ಸಭಾಮಂಡಳಿಯ ಮುಂದೆ ಇನ್ನೂ ಬಂದಿಲ್ಲ. ಅದನ್ನು ತರಬೇಕಾದವನು ನಾನೇ.